ಮನೆ ಕಂಪ್ಯೂಟರ್‌ಗೆ ದೊಡ್ಡ ಎಸ್‌ಎಸ್‌ಡಿ: ಪದೇ ಪದೇ ಕೇಳುವ ಪ್ರಶ್ನೆಗಳು

2 ಟಿಬಿಯಿಂದ 8 ಟಿಬಿವರೆಗಿನ ಎಸ್‌ಎಸ್‌ಡಿ (ತಿರುಗುವ ತಟ್ಟೆಯ ಬದಲು ಚಿಪ್ಪಿನಲ್ಲಿ ಡೇಟಾ ಇಡುವ ಡಿಸ್ಕ್) ಕೊಳ್ಳಲು ಹೊರಟವರಿಗೆ ಈ ಪುಟ. ಮನೆಮಂದಿಗೆಲ್ಲ ಒಂದೇ ಕಂಪ್ಯೂಟರ್, ಅದರಲ್ಲೇ ಮಕ್ಕಳ ಫೋಟೊ, ಮದುವೆ ವಿಡಿಯೊ, ಆಫೀಸಿನ ಫೈಲು, ಒಂದೆರಡು ಗೇಮ್. ಅಂಥ ಮನೆಗಳನ್ನು ನೆನೆದು ಬರೆದದ್ದು. ನನ್ನ ಒಲವು ಯಾವ ಕಡೆ ಅಂತ ಮೊದಲೇ ಹೇಳಿಬಿಡುತ್ತೇನೆ: ದುಡ್ಡು ಜಾಗಕ್ಕೆ ಹಾಕಿ, ವೇಗಕ್ಕೆ ಬೇಡ. ಉಳಿದದ್ದರಲ್ಲಿ ಬ್ಯಾಕಪ್‌ಗೊಂದು ಡಿಸ್ಕ್ ತಗೊಳ್ಳಿ.

ನನಗೆ ಎಷ್ಟು ಟಿಬಿ ಬೇಕಾಗುತ್ತೆ?

ಈಗಿರುವ ಡಿಸ್ಕಿನಲ್ಲಿ ಎಷ್ಟು ತುಂಬಿದೆ ನೋಡಿ, ಅದರ ಎರಡರಷ್ಟು ಲೆಕ್ಕ ಹಾಕಿ. ಬಹಳಷ್ಟು ಮನೆಗಳಿಗೆ ಉತ್ತರ 2 ಟಿಬಿ ಒಳಗೇ ಬರುತ್ತದೆ. ಪಿಡಿಎಫ್, ಹಾಡು, ಆಫೀಸಿನ ಫೈಲು ಇವೆಲ್ಲ ಎಷ್ಟಿದ್ದರೂ ಲೆಕ್ಕಕ್ಕಿಲ್ಲ. ಜಾಗ ತಿನ್ನುವುದು ವಿಡಿಯೊ. ಐಫೋನ್‌ನಲ್ಲಿ 4ಕೆ, ಸೆಕೆಂಡಿಗೆ 60 ಫ್ರೇಮ್ ಅಂತ ಇಟ್ಟರೆ ನಿಮಿಷಕ್ಕೆ ಸುಮಾರು 400 ಎಂಬಿ, ಗಂಟೆಗೆ 24 ಜಿಬಿ ಆಗುತ್ತದೆ. ಮದುವೆ ವಿಡಿಯೊದವರ ಕ್ಯಾಮೆರಾ ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ 4ಕೆ ತೆಗೆಯುತ್ತಿದ್ದರೆ ಗಂಟೆಗೆ 45 ಜಿಬಿ. ವರಪೂಜೆ, ಮುಹೂರ್ತ, ಆರತಕ್ಷತೆ ಅಂತ ಎರಡು ಕ್ಯಾಮೆರಾ ತಲಾ ಹತ್ತು ಗಂಟೆ ಓಡಿದರೆ 900 ಜಿಬಿ! ಎಡಿಟ್ ಆದದ್ದು ಮಾತ್ರ ಅಲ್ಲ, ತೆಗೆದದ್ದೆಲ್ಲವೂ ಬೇಕು ಅಂತ ಇಸಿದುಕೊಂಡು ಬಂದ ಮನೆಗಳಿಗೆ 4 ಟಿಬಿ ಬೇಕೇಬೇಕು.

8 ಟಿಬಿ? ದಿನಾ ವಿಡಿಯೊ ಎಡಿಟ್ ಮಾಡುವವರಿಗೆ ಸರಿ. ಉಳಿದವರು ಪ್ರತಿ ಟಿಬಿಗೆ ಎಷ್ಟು ಬೀಳುತ್ತದೆ ಅಂತ ಭಾಗಿಸಿ ನೋಡಿ. ಸಾಮಾನ್ಯವಾಗಿ 2 ಮತ್ತು 4 ಟಿಬಿಯಲ್ಲಿ ಕಡಿಮೆ ಬೀಳುತ್ತದೆ, 8 ಟಿಬಿಗೆ ಹೋದಕೂಡಲೇ ಏರುತ್ತದೆ.

4 ಟಿಬಿ ಹಾಕಿದೆ, ವಿಂಡೋಸ್ 3.63 ಟಿಬಿ ಅಂತ ತೋರಿಸ್ತಿದೆ. ಅಂಗಡಿಯವರು ಮೋಸ ಮಾಡಿದ್ರಾ?

ಇಲ್ಲ. ಕಂಪನಿಯವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. 1 ಟಿಬಿ 931 ಜಿಬಿ ಆಗಿ ಕಾಣುವುದೂ ಇದರಿಂದಲೇ.

ಆದರೆ ನನ್ನದು 2 ಟಿಬಿ ಮಾತ್ರ ತೋರಿಸುತ್ತೆ, ಉಳಿದದ್ದು ಕಪ್ಪು ಪಟ್ಟಿಯಾಗಿ ಖಾಲಿ ಬಿದ್ದಿದೆ.

ಅದು ಬೇರೆ ವಿಷಯ. ಹಳೆಯ ಡಿಸ್ಕನ್ನು ಹಾಗೇ ಕ್ಲೋನ್ ಮಾಡಿದ್ದೀರಿ, ಜೊತೆಗೆ ಡಿಸ್ಕನ್ನು ಭಾಗ ಮಾಡಿ ಲೆಕ್ಕ ಇಡುವ ಹಳೇ ಕಾಲದ ಎಂಬಿಆರ್ ಪದ್ಧತಿಯೂ ಬಂದುಬಿಟ್ಟಿದೆ. ಅದಕ್ಕೆ ಸುಮಾರು 2 ಟಿಬಿ ಆಚೆಗೆ ಎಣಿಸಲು ಬರುವುದಿಲ್ಲ. ಜಿಪಿಟಿ ಅನ್ನುವ ಹೊಸ ಪದ್ಧತಿಗೆ ಬದಲಾಯಿಸಬೇಕು. ವಿಂಡೋಸ್ ಇರುವ ಡಿಸ್ಕಾದರೆ ವಿಂಡೋಸಿನ ಜೊತೆಗೇ ಬರುವ ಎಂಬಿಆರ್‌ಟುಜಿಪಿಟಿ ಅನ್ನುವ ಕಮಾಂಡ್ ಇದೆ, ಡೇಟಾ ಅಳಿಯದೆ ಬದಲಾಗುತ್ತದೆ. ಆಮೇಲೆ ಬಯೋಸ್‌ನಲ್ಲಿ (ವಿಂಡೋಸಿಗಿಂತ ಮೊದಲು ತೆರೆಯುವ ಬೋರ್ಡಿನ ಸೆಟ್ಟಿಂಗ್) ಯುಇಎಫ್‌ಐ ಅನ್ನುವ ಹೊಸ ರೀತಿಯ ಬೂಟ್ ಆನ್ ಮಾಡಬೇಕು. ಹಾಗಂತ ಬ್ಯಾಕಪ್ ಇಲ್ಲದೆ ಕೈ ಹಾಕಬೇಡಿ. ಹೊಸ, ಖಾಲಿ ಡಿಸ್ಕಾದರೆ ಮೊದಲ ಸಲ ಕೇಳುವಾಗಲೇ ಜಿಪಿಟಿ ಆರಿಸಿ, ಮುಗಿಯಿತು.

ಸಾಟಾ, ಎಂ.2, ಎನ್‌ವಿಎಂಇ ಅಂತಾರಲ್ಲ, ಏನಿದು?

ಎಂ.2 ಅನ್ನುವುದು ಆಕಾರದ ಹೆಸರು. ಚೂಯಿಂಗ್ ಗಮ್ ಪಟ್ಟಿಯ ಹಾಗಿರುತ್ತದಲ್ಲ, ಅದು. 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ ಇರುವುದರಿಂದ ಪೆಟ್ಟಿಗೆಯ ಮೇಲೆ 2280 ಅಂತ ಬರೆದಿರುತ್ತಾರೆ. ಸಾಟಾ, ಎನ್‌ವಿಎಂಇ ಅನ್ನುವುದು ಅದು ಕಂಪ್ಯೂಟರಿನ ಜೊತೆ ಮಾತಾಡುವ ರೀತಿ. ಸಾಟಾ ಡ್ರೈವ್ ಸೆಕೆಂಡಿಗೆ ಸುಮಾರು 550 ಎಂಬಿಗೆ ನಿಂತುಬಿಡುತ್ತದೆ. ಎನ್‌ವಿಎಂಇ ಅದಕ್ಕಿಂತ ಹಲವು ಪಟ್ಟು ಚುರುಕು.

ಎಡವುವುದು ಇಲ್ಲಿ: ಎಂ.2 ಆಕಾರದಲ್ಲೇ ಸಾಟಾ ಡ್ರೈವುಗಳೂ ಸಿಗುತ್ತವೆ. ಎನ್‌ವಿಎಂಇ ಮಾತ್ರ ಒಪ್ಪುವ ಸ್ಲಾಟಿಗೆ ಅದನ್ನು ಹಾಕಿದರೆ ಕಂಪ್ಯೂಟರ್ ಗುರುತಿಸುವುದೇ ಇಲ್ಲ. ಮದರ್‌ಬೋರ್ಡ್ ಮ್ಯಾನುಯಲ್ ಎಸೆದಿದ್ದರೆ ಕಂಪನಿಯ ಸೈಟಿನಿಂದ ಇಳಿಸಿಕೊಂಡು ಸ್ಟೋರೇಜ್ ಪುಟ ಓದಿ. ಎರಡನೇ ಎಂ.2 ಸ್ಲಾಟಿಗೆ ಡ್ರೈವ್ ಹಾಕಿದರೆ ಒಂದೆರಡು ಸಾಟಾ ಪೋರ್ಟ್ ಸ್ತಬ್ಧ ಆಗುವ ಬೋರ್ಡುಗಳು ಬಹಳ ಇವೆ. ಹೊಸ ಎಸ್‌ಎಸ್‌ಡಿ ಹಾಕಿದ್ದೇ ಹಳೇ ಹಾರ್ಡ್ ಡಿಸ್ಕ್ ಸತ್ತುಹೋಯಿತು ಅಂತ ಗಾಬರಿ ಬೀಳುವವರು ಮೊದಲು ಆ ಡಿಸ್ಕಿನ ಕೇಬಲ್ ಬೇರೆ ಪೋರ್ಟಿಗೆ ಹಾಕಿ ನೋಡಿ.

ನನ್ನದು ಹತ್ತು ವರ್ಷಕ್ಕಿಂತ ಹಳೇ ಕಂಪ್ಯೂಟರ್. ಅದಕ್ಕೇನು?

2.5 ಇಂಚಿನ ಸಾಟಾ ಎಸ್‌ಎಸ್‌ಡಿ. ಅಷ್ಟು ಹಳೆಯ ಬೋರ್ಡುಗಳು ಎನ್‌ವಿಎಂಇಯಿಂದ ಬೂಟ್ ಆಗುವುದು ಅನುಮಾನ. ಸಾಟಾ ಹಾಕಿದರೂ ಹಾರ್ಡ್ ಡಿಸ್ಕಿನಿಂದ ಬಂದವರಿಗೆ ಹೊಸ ಕಂಪ್ಯೂಟರ್ ತಂದ ಹಾಗಿರುತ್ತದೆ.

ಜೆನ್ 3, ಜೆನ್ 4, ಜೆನ್ 5 ಇವುಗಳಲ್ಲಿ ಯಾವುದು?

ಜೆನ್ ಅಂದರೆ ಎನ್‌ವಿಎಂಇ ಡ್ರೈವ್ ಬಳಸುವ ಪಿಸಿಐಇ ದಾರಿಯ ತಲೆಮಾರು. ಬೋರ್ಡ್ ಒಪ್ಪಿದರೆ ಜೆನ್ 4. ಜೆನ್ 3 ಕಡಿಮೆಗೆ ಸಿಕ್ಕರೆ ಕಣ್ಣುಮುಚ್ಚಿ ತಗೊಳ್ಳಿ. ಜೆನ್ 5 ಮನೆಗೆ ಬೇಡ.

ಪೆಟ್ಟಿಗೆ ಮೇಲಿನ 3,500, 7,000, 14,000 ಎಂಬಿ ಅನ್ನುವ ಅಂಕಿಗಳೆಲ್ಲ ಒಂದೇ ದೊಡ್ಡ ಫೈಲನ್ನು ಒಂದೇ ಸಮ ಓದುವಾಗಿನವು. ವಿಂಡೋಸ್ ಶುರುವಾಗುವಾಗ, ಬ್ರೌಸರ್ ತೆರೆಯುವಾಗ ನಡೆಯುವುದು ಸಾವಿರಾರು ಪುಟ್ಟ ಪುಟ್ಟ ಓದು. ಆ ಕೆಲಸದಲ್ಲಿ ಹಾರ್ಡ್ ಡಿಸ್ಕ್ ಸೆಕೆಂಡಿಗೆ 1 ಎಂಬಿ ಆಸುಪಾಸು, ಸಾಟಾ ಎಸ್‌ಎಸ್‌ಡಿ 30-40 ಎಂಬಿ, ಒಳ್ಳೆಯ ಎನ್‌ವಿಎಂಇ 60-90 ಎಂಬಿ. ಹಾರ್ಡ್ ಡಿಸ್ಕಿನಿಂದ ಎಸ್‌ಎಸ್‌ಡಿಗೆ ಬಂದಾಗ ಆಗುವ ಖುಷಿ ಜೆನ್ 4ರಿಂದ ಜೆನ್ 5ಕ್ಕೆ ಹೋದಾಗ ಯಾಕೆ ಆಗುವುದಿಲ್ಲ ಅಂತ ಇದರಲ್ಲೇ ಗೊತ್ತಾಗುತ್ತದೆ, ಅಲ್ವಾ? ಅಂಗಡಿಯಲ್ಲಿ ವೇಗ ಅಳೆಯುವ ಬೆಂಚ್‌ಮಾರ್ಕ್ ಓಡಿಸಿ ತೋರಿಸುವವರು ಮೊದಲ ಸಾಲಿನ ದೊಡ್ಡ ಅಂಕಿ ತೋರಿಸುತ್ತಾರೆ. ನೀವು ಪುಟ್ಟ ಓದಿನ ವೇಗ ಇರುವ ಕೊನೆಯ ಸಾಲು ನೋಡಿ.

ಟಿಎಲ್‌ಸಿ, ಕ್ಯೂಎಲ್‌ಸಿ ಅಂದರೇನು? ಇದು ಅಷ್ಟು ಮುಖ್ಯವಾ?

ದೊಡ್ಡ ಡ್ರೈವ್ ಕೊಳ್ಳುವಾಗ ಇದೇ ಮುಖ್ಯ. ಟಿಎಲ್‌ಸಿಯಲ್ಲಿ ಒಂದು ಸೆಲ್ಲಿಗೆ (ಚಿಪ್ಪಿನೊಳಗೆ ಡೇಟಾ ಕೂರುವ ಪುಟ್ಟ ಮನೆ) 3 ಬಿಟ್, ಕ್ಯೂಎಲ್‌ಸಿಯಲ್ಲಿ 4 ಬಿಟ್. ಒಂದು ಬಿಟ್ ಜಾಸ್ತಿ ಅಷ್ಟೇ ಅನ್ನಿಸುತ್ತದೆ. ಆದರೆ ಟಿಎಲ್‌ಸಿ ಸೆಲ್ 8 ಮಟ್ಟದ ವೋಲ್ಟೇಜ್ ಗುರುತಿಸಿದರೆ ಸಾಕು, ಕ್ಯೂಎಲ್‌ಸಿ ಅಷ್ಟೇ ಜಾಗದಲ್ಲಿ 16 ಮಟ್ಟ ಗುರುತಿಸಬೇಕು. ಹಾಗಾಗಿ ಬರೆಯುವುದು ನಿಧಾನ, ಸವೆಯುವುದು ಬೇಗ. ಬೆಲೆ ಕಡಿಮೆ.

ನಿಧಾನ ಅನ್ನುವುದು ಮೊದಲ ದಿನ ಕಾಣುವುದಿಲ್ಲ. ಹೆಚ್ಚುಕಡಿಮೆ ಎಲ್ಲ ಡ್ರೈವುಗಳೂ ಸ್ವಲ್ಪ ಜಾಗವನ್ನು ಸೆಲ್ಲಿಗೆ ಒಂದೇ ಬಿಟ್‌ನಂತೆ ಬಳಸಿ, ಬಂದದ್ದನ್ನು ಅಲ್ಲಿ ಬೇಗ ಬರೆದುಕೊಳ್ಳುತ್ತವೆ. ಊರಿಂದ ಬಂದ ಮೂಟೆಗಳನ್ನು ಮೊದಲು ಜಗಲಿಯಲ್ಲಿ ಇಳಿಸಿ, ಆಮೇಲೆ ಪುರುಸೊತ್ತಿನಲ್ಲಿ ಒಳಗೆ ಸಾಗಿಸಿದ ಹಾಗೆ. ಜಗಲಿ ತುಂಬಿದ ಮೇಲೆ ನಿಜವಾದ ವೇಗ ಹೊರಬೀಳುತ್ತದೆ. ಸ್ಯಾಮ್‌ಸಂಗ್‌ನ ಎರಡು ಸಾಟಾ ಡ್ರೈವುಗಳನ್ನೇ ತಗೊಳ್ಳಿ. 4 ಟಿಬಿಯ 870 ಕ್ಯೂವಿಒ ಕ್ಯೂಎಲ್‌ಸಿಯದು. ಕಂಪನಿಯೇ ಕೊಟ್ಟ ಲೆಕ್ಕದಲ್ಲಿ ಮೊದಲ 78 ಜಿಬಿ ಸೆಕೆಂಡಿಗೆ 530 ಎಂಬಿ, ಆಮೇಲೆ 160. ಟಿಎಲ್‌ಸಿಯ 870 ಇವೊ ಕೊನೆವರೆಗೂ 530. ಒಂದೇ ಏಟಿಗೆ 500 ಜಿಬಿ ವಿಡಿಯೊ ತುಂಬಿದರೆ ಇವೊದಲ್ಲಿ ಕಾಲು ಗಂಟೆ ಚಿಲ್ಲರೆ, ಕ್ಯೂವಿಒದಲ್ಲಿ ಮುಕ್ಕಾಲು ಗಂಟೆ. ಅಗ್ಗದ ಬೇರೆ ಕ್ಯೂಎಲ್‌ಸಿ ಡ್ರೈವುಗಳು ಹಾರ್ಡ್ ಡಿಸ್ಕಿಗಿಂತ ಕೆಳಗಿಳಿಯುವುದೂ ಉಂಟು.

ನನ್ನ ಸಲಹೆ: ವಿಂಡೋಸ್ ಕೂರುವ ಡ್ರೈವ್, ಎಡಿಟಿಂಗ್ ಮಾಡುವ ಡ್ರೈವ್ ಟಿಎಲ್‌ಸಿ ಇರಲಿ. ಒಂದು ಸಲ ತುಂಬಿ ಮತ್ತೆ ಮತ್ತೆ ನೋಡುವ ಫೋಟೊ, ಸಿನಿಮಾ, ಗೇಮ್‌ಗಳಿಗೆ ಕ್ಯೂಎಲ್‌ಸಿ ಧಾರಾಳ ಸಾಕು. ಓದುವುದರಲ್ಲಿ ಅದೇನೂ ಕಡಿಮೆಯಿಲ್ಲ. ಬೆಲೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲದಿದ್ದರೆ ಮಾತ್ರ ಸುಮ್ನೆ ಟಿಎಲ್‌ಸಿಯನ್ನೇ ತಗೊಳ್ಳಿ.

ಇನ್ನೊಂದು ತೊಂದರೆ. ಎಷ್ಟೋ ಕಂಪನಿಗಳು ಪೆಟ್ಟಿಗೆ ಮೇಲೆ ಇದನ್ನು ಬರೆಯುವುದೇ ಇಲ್ಲ, 3ಡಿ ನ್ಯಾಂಡ್ ಅಂತಷ್ಟೇ (ಎರಡಕ್ಕೂ ಹೊಂದುವ ಹೆಸರು) ಬರೆದು ಬಿಡುತ್ತವೆ. ಬರೆಯದಿದ್ದರೆ ಕ್ಯೂಎಲ್‌ಸಿ ಅಂತಲೇ ತಿಳಿದು ಬೆಲೆ ಕಟ್ಟಿ.

ಟಿಬಿಡಬ್ಲ್ಯೂ ಮುಗಿದರೆ ಡ್ರೈವ್ ಸಾಯುತ್ತಾ?

ಇಲ್ಲ, ವಾರಂಟಿ ಮುಗಿಯುತ್ತದೆ. ಒಟ್ಟು ಎಷ್ಟು ಟೆರಾಬೈಟ್ ಬರೆಯುವವರೆಗೆ ಕಂಪನಿ ಹೊಣೆ ಅನ್ನುವ ಲೆಕ್ಕ ಅದು. 4 ಟಿಬಿ ಮಾದರಿಗಳಲ್ಲಿ 870 ಇವೊಗೆ 2,400, 870 ಕ್ಯೂವಿಒಗೆ 1,440, ಕ್ರೂಶಿಯಲ್ ಪಿ3ಗೆ 800. ಕೊನೆಯದನ್ನೇ ಹಿಡಿಯಿರಿ. ದಿನಕ್ಕೆ 50 ಜಿಬಿ ಬರೆದರೂ 800 ಟಿಬಿ ಮುಗಿಯಲು 16,000 ದಿನ ಬೇಕು, ಅಂದರೆ 43 ವರ್ಷ ಮೇಲೆ. ಮನೆಯಲ್ಲಿ ದಿನಕ್ಕೆ 50 ಜಿಬಿ ಬರೆಯುವವರೇ ಅಪರೂಪ. ಸವೆದು ಸಾಯುವ ಮೊದಲು ಅದು ಕಂಟ್ರೋಲರ್ (ಡ್ರೈವನ್ನು ನಡೆಸುವ ಚಿಪ್) ಕೈಕೊಟ್ಟೋ ಇನ್ನಾವುದೋ ಕಾರಣಕ್ಕೋ ಹೋಗುವುದೇ ಜಾಸ್ತಿ. ಟಿಬಿಡಬ್ಲ್ಯೂ ಬಗ್ಗೆ ನಿದ್ದೆ ಕೆಡಿಸಿಕೊಳ್ಳಬೇಡಿ. ವಾರಂಟಿ 3 ವರ್ಷವೋ 5 ವರ್ಷವೋ ಅಷ್ಟು ನೋಡಿ.

ಡಿರ್ಯಾಮ್ ಇಲ್ಲದ ಡ್ರೈವ್ ತಗೋಬಹುದಾ?

ಡಿರ್ಯಾಮ್ ಅಂದರೆ ಡ್ರೈವಿನೊಳಗಿನ ಪುಟ್ಟ, ಚುರುಕು ಮೆಮೊರಿ. ಅದಿಲ್ಲದ್ದು ಎನ್‌ವಿಎಂಇ ಆದರೆ ತಗೋಬಹುದು. ಯಾವ ಫೈಲು ಎಲ್ಲಿದೆ ಅನ್ನುವ ಪಟ್ಟಿ ಇಡಲು ಅವು ಕಂಪ್ಯೂಟರಿನ ರ್ಯಾಮ್‌ನಲ್ಲೇ ಚೂರು ಜಾಗ ಸಾಲ ಪಡೆಯುತ್ತವೆ. ಸಾಟಾದಲ್ಲಿ ಆ ಸೌಲಭ್ಯ ಇಲ್ಲ. ದೊಡ್ಡ ಸಾಟಾ ಡ್ರೈವ್ ಕೊಳ್ಳುವುದಾದರೆ ಡಿರ್ಯಾಮ್ ಇರುವುದನ್ನೇ ಕೇಳಿ.

ಒಂದು 8 ಟಿಬಿ ತಗೊಳ್ಳಲಾ, ಎರಡು 4 ಟಿಬಿ ತಗೊಳ್ಳಲಾ?

ಎರಡು ಸ್ಲಾಟ್ ಇದ್ದರೆ ಎರಡು 4 ಟಿಬಿ. ಒಂದು ಹೋದರೆ ಅರ್ಧವಾದರೂ ಉಳಿಯುತ್ತದೆ, ವಿಂಡೋಸ್ ಮತ್ತೆ ಹಾಕುವಾಗ ಫೋಟೊ ಡ್ರೈವ್ ಮುಟ್ಟಬೇಕಾಗಿಲ್ಲ. ಎರಡನ್ನೂ ಸೇರಿಸಿ ಒಂದೇ ದೊಡ್ಡ ಡ್ರೈವ್ ಮಾಡುವ ರೇಡ್ 0 ಆಟಕ್ಕೆ ಮಾತ್ರ ಇಳಿಯಬೇಡಿ. ಅದರಲ್ಲಿ ಒಂದು ಹೋದರೆ ಎರಡೂ ಹೋದಂತೆ.

ಲ್ಯಾಪ್‌ಟಾಪಿನವರಿಗೆ ಒಂದು ಮಾತು: 8 ಟಿಬಿ ಎಂ.2 ಡ್ರೈವುಗಳಲ್ಲಿ ಸಾಮಾನ್ಯವಾಗಿ ಎರಡೂ ಮಗ್ಗುಲಿಗೆ ಚಿಪ್ ಇರುತ್ತವೆ. ತೆಳ್ಳಗಿನ ಲ್ಯಾಪ್‌ಟಾಪಿನಲ್ಲಿ ಅದು ಕೂರದೇ ಇರಬಹುದು. ಈಗಿನ ಮ್ಯಾಕ್‌ಬುಕ್‌ಗಳಲ್ಲಂತೂ ಸ್ಟೋರೇಜ್ ಬೋರ್ಡಿಗೇ ಬೆಸೆದಿರುತ್ತದೆ, ಹೊರಗೆ ಜೋಡಿಸುವ ಎಸ್‌ಎಸ್‌ಡಿಯೇ ಗತಿ.

ಆನ್‌ಲೈನ್‌ನಲ್ಲಿ 16 ಟಿಬಿ ಎಸ್‌ಎಸ್‌ಡಿ ಎರಡು ಸಾವಿರಕ್ಕೆ ಸಿಗ್ತಿದೆ. ತಗೊಳ್ಳಲಾ?

ಬೇಡವೇ ಬೇಡ.

ಪಕ್ಕದ ಬೀದಿಯವರೊಬ್ಬರು ಇಂಥದ್ದೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟಿದ್ದರು. ಫೋಟೊ ಎಲ್ಲ ತುಂಬಿದ್ದಾರೆ, ಹೆಸರುಗಳು ಕಾಣುತ್ತವೆ, ಒಂದೂ ತೆರೆಯುವುದಿಲ್ಲ. ಕೈಯಲ್ಲಿ ಹಿಡಿದರೆ ಭಾರವಾಗಿ, ಬೆಲೆಬಾಳುವ ವಸ್ತುವಿನ ಹಾಗೇ ಇತ್ತು. ಉಗುರಿನಿಂದ ಮೀಟಿದ್ದೇ ಮುಚ್ಚಳ ಬಿಚ್ಚಿಕೊಂಡಿತು. ಒಳಗೆ ಹೆಬ್ಬೆರಳಗಲದ ಹಸಿರು ಬೋರ್ಡು, ಅದರ ಮೇಲೆ ಅಂಟು ಸುರಿದು ಕೂರಿಸಿದ ಒಂದು ಮೈಕ್ರೊ ಎಸ್‌ಡಿ ಕಾರ್ಡು, ಭಾರಕ್ಕೆ ಅಂತ ಒಂದು ಕಬ್ಬಿಣದ ತುಂಡು. ಆ ಕಾರ್ಡಿನ ನಿಜವಾದ ಜಾಗ 64 ಜಿಬಿ.

ಮೋಸ ನಡೆಯುವುದು ಹೀಗೆ. ಡ್ರೈವಿನ ಫರ್ಮ್‌ವೇರ್ (ಅದರೊಳಗಿನ ತಂತ್ರಾಂಶ) ಕಂಪ್ಯೂಟರಿಗೆ 16 ಟಿಬಿ ಅಂತ ಸುಳ್ಳು ಹೇಳುತ್ತದೆ. ನಿಜವಾದ ಜಾಗ ತುಂಬುವವರೆಗೆ ಎಲ್ಲ ಸರಿ. ತುಂಬಿದ ಮೇಲೆ ಬಂದದ್ದನ್ನು ಗಾಳಿಗೆ ತೂರುತ್ತದೆ, ಇಲ್ಲವೇ ಮೊದಲಿನದರ ಮೇಲೇ ಬರೆಯುತ್ತದೆ. ಫೈಲಿನ ಹೆಸರು ಮಾತ್ರ ಉಳಿಯುತ್ತದೆ. ಕಂಡುಹಿಡಿಯಲು ವಿಂಡೋಸಿನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸಿನಲ್ಲಿ ಎಫ್3 ಅನ್ನುವ ಉಚಿತ ತಂತ್ರಾಂಶಗಳಿವೆ. ಡ್ರೈವ್ ಪೂರ್ತಿ ಬರೆದು, ಮತ್ತೆ ಓದಿ, ಹೋಲಿಸಿ ನೋಡುತ್ತವೆ. ಯಾವುದೇ ಹೊಸ ಡ್ರೈವಿಗೂ ವಾಪಸ್ ಕೊಡುವ ಗಡುವು ಮುಗಿಯುವ ಮೊದಲು ಇದನ್ನು ಒಂದು ಸಲ ಓಡಿಸಿ. ರಾತ್ರಿ ಹಚ್ಚಿ ಮಲಗಿದರೆ ಆಯಿತು.

ಹಾಗಾದರೆ ಎಲ್ಲಿ ಕೊಳ್ಳುವುದು?

ಬೆಂಗಳೂರಿನವರಿಗೆ ಎಸ್‌ಪಿ ರೋಡ್ ಇದ್ದೇ ಇದೆ. ಅಲ್ಲಿ ಒಂದೇ ಡ್ರೈವಿಗೆ ನಾಲ್ಕು ಅಂಗಡಿಯಲ್ಲಿ ನಾಲ್ಕು ಬೆಲೆ ಹೇಳುತ್ತಾರೆ, ಮಾದರಿಯ ಪೂರ್ತಿ ಹೆಸರು ಚೀಟಿಯಲ್ಲಿ ಬರೆದುಕೊಂಡು ಹೋಗಿ. ‘ಬಿಲ್ ಬೇಡ ಅಂದ್ರೆ ಇಷ್ಟು ಬಿಟ್ಟುಕೊಡ್ತೀನಿ ಸಾರ್’ ಅನ್ನುವ ಮಾತು ಬರಬಹುದು. ಒಪ್ಪಬೇಡಿ. 18% ಜಿಎಸ್‌ಟಿ ಉಳಿಯಿತು ಅನ್ನಿಸುತ್ತದೆ, ಆದರೆ ಐದು ವರ್ಷದ ವಾರಂಟಿ ಆ ಬಿಲ್ಲಿನ ಮೇಲೇ ನಿಂತಿದೆ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ. ಪೆಟ್ಟಿಗೆಯ ಮೇಲೆ ಭಾರತದ ಆಮದುದಾರರ ಹೆಸರು, ಎಂಆರ್‌ಪಿ ಇರುವ ಚೀಟಿ ಅಂಟಿಸಿದೆಯಾ ನೋಡಿ. ಅದಿಲ್ಲದಿದ್ದರೆ ಹೊರದೇಶದ ಸರಕು, ಇಲ್ಲಿ ವಾರಂಟಿ ಸಿಗುವುದು ಕಷ್ಟ. ಮನೆಗೆ ತಂದ ಮೇಲೆ ಸೀರಿಯಲ್ ನಂಬರನ್ನು ಕಂಪನಿಯ ಸೈಟಿನಲ್ಲಿ ಹಾಕಿದರೆ ವಾರಂಟಿ ಎಲ್ಲಿವರೆಗೆ ಅಂತ ಗೊತ್ತಾಗುತ್ತದೆ.

ಅಮೆರಿಕದಿಂದ ಬರುವ ನೆಂಟರ ಹತ್ತಿರ ತರಿಸಿದರೆ ಅಗ್ಗ ಅಂತ ಕೇಳುವವರು ಜಾಸ್ತಿ. ತರಿಸಿ, ಆದರೆ ಆ ಕಂಪನಿ ಅಲ್ಲಿ ಕೊಂಡದ್ದಕ್ಕೆ ಇಲ್ಲಿ ವಾರಂಟಿ ಕೊಡುತ್ತದಾ ಅಂತ ಮೊದಲು ಕೇಳಿಕೊಳ್ಳಿ.

ಬೆಲೆ ಏರಿಬಿಟ್ಟಿದೆ. ಇಳಿಯುವವರೆಗೆ ಕಾಯಲಾ?

ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳಲು ಶುರು ಮಾಡಿದ್ದರಿಂದ 2025ರ ಕೊನೆಯಲ್ಲಿ ಬೆಲೆ ಏರಿತು. ಕ್ರೂಶಿಯಲ್ ಹೆಸರಿನಲ್ಲಿ ಮನೆಬಳಕೆಯವರಿಗೆ ಮಾರುವುದನ್ನೇ ನಿಲ್ಲಿಸುವುದಾಗಿ ಮೈಕ್ರಾನ್ ಅದೇ ಡಿಸೆಂಬರ್‌ನಲ್ಲಿ ಹೇಳಿತು. ಈ ಚಿಪ್ ಮಾಡುವವರು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು ಜನ: ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್, ಜೊತೆಯಾಗಿ ಮಾಡುವ ಕಿಯೋಕ್ಸಿಯಾ ಮತ್ತು ಸ್ಯಾನ್‌ಡಿಸ್ಕ್, ಚೀನಾದ ವೈಎಂಟಿಸಿ. ಅವರು ದೊಡ್ಡ ಗಿರಾಕಿಯ ಕಡೆ ತಿರುಗಿದರೆ ನಮಗೆ ಉಳಿಯುವುದು ಕಡಿಮೆ. ಜಾಗ ಇವತ್ತೇ ಬೇಕಿದ್ದರೆ ಕಾಯಬೇಡಿ. ಬೇಡದಿದ್ದರೆ 4 ಟಿಬಿ ಎಸ್‌ಎಸ್‌ಡಿ ಬದಲು 1 ಟಿಬಿ ಎಸ್‌ಎಸ್‌ಡಿಯಲ್ಲಿ ವಿಂಡೋಸ್ ಇಟ್ಟು, ಫೋಟೊ ವಿಡಿಯೊಗಳಿಗೆ ದೊಡ್ಡ ಹಾರ್ಡ್ ಡಿಸ್ಕ್ ಹಾಕಿ. ಸಿನಿಮಾ ನೋಡಲು ಎಸ್‌ಎಸ್‌ಡಿಯ ವೇಗ ಯಾರಿಗೂ ಬೇಕಿಲ್ಲ.

ನಾನೇ ಹಾಕಿಕೊಳ್ಳಬಹುದಾ?

ಧಾರಾಳವಾಗಿ. ಪವರ್ ಸಪ್ಲೈ ಸ್ವಿಚ್ ಆಫ್ ಮಾಡಿ, ಮೈಯಲ್ಲಿನ ಸ್ಥಿರ ವಿದ್ಯುತ್ ಇಳಿಯಲಿ ಅಂತ ಕ್ಯಾಬಿನೆಟ್ಟಿನ ಬಣ್ಣ ಇಲ್ಲದ ಲೋಹ ಮುಟ್ಟಿ. ಡ್ರೈವನ್ನು ಓರೆಯಾಗಿ, ಸುಮಾರು 30 ಡಿಗ್ರಿಯಲ್ಲಿ ಸ್ಲಾಟಿಗೆ ತೂರಿಸಿ. ಬಿಟ್ಟರೆ ಇನ್ನೊಂದು ತುದಿ ಎದ್ದು ನಿಲ್ಲುತ್ತದೆ, ಅದು ಸರಿಯೇ. ಮೆಲ್ಲಗೆ ಒತ್ತಿ ಹಿಡಿದು ಸ್ಕ್ರೂ ಹಾಕಿ. ಸ್ಕ್ರೂ ಅಕ್ಕಿಕಾಳಿಗಿಂತ ಚಿಕ್ಕದು, ಡ್ರೈವಿನ ಜೊತೆ ಬರುವುದು ಅಪರೂಪ. ಮದರ್‌ಬೋರ್ಡ್ ಪೆಟ್ಟಿಗೆಯ ತಳದ ಪ್ಲಾಸ್ಟಿಕ್ ಲಕೋಟೆಯಲ್ಲಿ ಹುಡುಕಿ. ಅದು ಕೂರುವ ಹಿತ್ತಾಳೆಯ ಕಂಬ 80 ಮಿಲಿಮೀಟರ್ ಜಾಗದಲ್ಲಿದೆಯಾ ಅಂತಲೂ ನೋಡಿ. ಹೀಟ್‌ಸಿಂಕ್ (ಬಿಸಿ ಹೀರುವ ಲೋಹದ ಪಟ್ಟಿ) ಇದ್ದರೆ ಅದರ ಒಳಮಗ್ಗುಲಿನ ತೆಳು ಪ್ಲಾಸ್ಟಿಕ್ ಹಾಳೆ ಕಿತ್ತು ಹಾಕಿ. ಅದನ್ನು ಬಿಟ್ಟೇ ಮುಚ್ಚಿ, ಡ್ರೈವ್ ಯಾಕೆ ಬಿಸಿ ಅಂತ ಕೇಳುವವರು ತಿಂಗಳಿಗೊಬ್ಬರಾದರೂ ಸಿಗುತ್ತಾರೆ.

ಬೇಸಿಗೆಯಲ್ಲಿ ತುಂಬ ಬಿಸಿ ಆಗುತ್ತಲ್ಲ?

ರಾಯಚೂರು, ಕಲಬುರಗಿಯಲ್ಲಿ 40 ಡಿಗ್ರಿ ದಾಟಿದ ಮಧ್ಯಾಹ್ನ ಎನ್‌ವಿಎಂಇ ಡ್ರೈವ್ ಬಿಸಿಯಾಗುವುದು ಸಹಜ. ಮಿತಿ ಮೀರಿದರೆ ಸುಡುವುದಿಲ್ಲ, ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಬೋರ್ಡಿನ ಜೊತೆ ಬಂದ ಹೀಟ್‌ಸಿಂಕ್ ಸಾಕು. ಜೆನ್ 5 ಬೇಡ ಅನ್ನಲು ಇದೂ ಒಂದು ಕಾರಣ.

ನಮ್ಮಲ್ಲಿ ಕರೆಂಟ್ ಹೋಗ್ತಾ ಇರುತ್ತೆ. ಹಾಳಾಗುತ್ತಾ?

ಬರೆಯುತ್ತಿರುವಾಗ ಹೋದರೆ ಆ ಫೈಲು ಕೆಡಬಹುದು, ಅಪರೂಪಕ್ಕೆ ಡ್ರೈವೇ ಕೆಡಬಹುದು. ಮನೆಬಳಕೆಯ ಡ್ರೈವುಗಳಲ್ಲಿ, ಸರ್ವರ್ ಡ್ರೈವುಗಳಲ್ಲಿರುವಂಥ ಕೆಪಾಸಿಟರುಗಳ ರಕ್ಷಣೆ ಇರುವುದಿಲ್ಲ. ಡೆಸ್ಕ್‌ಟಾಪಿಗೆ ಸಣ್ಣ ಯುಪಿಎಸ್ ಹಾಕಿ. ಮನೆಗೆ ಇನ್ವರ್ಟರ್ ಇದ್ದೂ ಕಂಪ್ಯೂಟರ್ ಆಫ್ ಆಗುತ್ತಿದ್ದರೆ ಇನ್ವರ್ಟರಿನ ಹಿಂಬದಿಯ ಸ್ವಿಚ್ ಇಕೋ ಕಡೆ ಇದೆಯಾ, ಯುಪಿಎಸ್ ಕಡೆ ಇದೆಯಾ ನೋಡಿ. ಯುಪಿಎಸ್ ಕಡೆ ಹಾಕಿದರೆ ಬೇಗ ಬದಲಾಗುತ್ತದೆ.

ಹಳೇ ಹಾರ್ಡ್ ಡಿಸ್ಕಿನಿಂದ ಕಾಪಿ ಮಾಡಲು ಎಷ್ಟು ಹೊತ್ತು?

ಹೊಸದು ಎಷ್ಟೇ ಚುರುಕಿದ್ದರೂ ಹಳೆಯದು ಸೆಕೆಂಡಿಗೆ 150 ಎಂಬಿ ಕೊಟ್ಟರೆ ಹೆಚ್ಚು. 3 ಟಿಬಿಗೆ ಐದೂವರೆ ಗಂಟೆ, ಸಣ್ಣ ಫೈಲುಗಳಿದ್ದರೆ ಇನ್ನೂ ಜಾಸ್ತಿ.

ಎಸ್‌ಎಸ್‌ಡಿಯನ್ನೇ ಬ್ಯಾಕಪ್ ಮಾಡಿ ಬೀರುವಿನಲ್ಲಿ ಇಡಬಹುದಾ?

ವರ್ಷಗಟ್ಟಲೆ ಇಡುವುದಕ್ಕೆ ಅದು ಸರಿಯಾದ ವಸ್ತುವಲ್ಲ. ಸೆಲ್ಲಿನಲ್ಲಿ ಹಿಡಿದಿಟ್ಟ ಚಾರ್ಜ್ ಮೆಲ್ಲಗೆ ಸೋರುತ್ತದೆ. ಟಿಬಿಡಬ್ಲ್ಯೂ ಪೂರ್ತಿ ಸವೆಸಿದ ಮನೆಬಳಕೆಯ ಡ್ರೈವ್ 30 ಡಿಗ್ರಿಯಲ್ಲಿ, ಕರೆಂಟ್ ಇಲ್ಲದೆ, ಒಂದು ವರ್ಷ ಡೇಟಾ ಹಿಡಿದಿಡಬೇಕು ಅನ್ನುವುದು ಜೆಡೆಕ್ ಸಂಸ್ಥೆ ಹಾಕಿದ ಮಟ್ಟ. ಹೊಸ ಡ್ರೈವ್ ಅದಕ್ಕಿಂತ ಬಹಳ ಕಾಲ ತಡೆಯುತ್ತದೆ ನಿಜ, ಆದರೂ ಬೀರುವಿಗೆ ಹಾರ್ಡ್ ಡಿಸ್ಕೇ ವಾಸಿ, ಅಗ್ಗವೂ ಹೌದು.

ಬ್ಯಾಕಪ್ ಯಾಕೆ ಬೇಕೇಬೇಕು ಅಂದರೆ, ಹಾರ್ಡ್ ಡಿಸ್ಕ್ ಸಾಯುವ ಮೊದಲು ಎಷ್ಟೋ ಸಲ ಕಟಕಟ ಅಂತ ಸದ್ದು ಮಾಡಿ ಹೇಳುತ್ತದೆ. ಎಸ್‌ಎಸ್‌ಡಿ ನಿನ್ನೆ ಇತ್ತು, ಇವತ್ತು ಬಯೋಸ್‌ನಲ್ಲೂ ಕಾಣುವುದಿಲ್ಲ. ಅಳಿಸಿದ ಫೈಲು ಮರಳಿ ತೆಗೆಯುವುದೂ ಹೆಚ್ಚುಕಡಿಮೆ ಆಗದ ಮಾತು, ಟ್ರಿಮ್ ಅನ್ನುವ ಸೌಲಭ್ಯ ಆ ಜಾಗವನ್ನು ಬೇಗನೆ ಖಾಲಿ ಮಾಡಿಬಿಡುತ್ತದೆ. ವಾರಂಟಿಯಲ್ಲಿ ಬರುವುದು ಬೇರೆ ಡ್ರೈವ್, ನಿಮ್ಮ ಫೋಟೊಗಳಲ್ಲ. 4 ಟಿಬಿ ಕೊಂಡರೆ ಜೊತೆಗೆ 4 ಟಿಬಿ ಹಾರ್ಡ್ ಡಿಸ್ಕ್ ಸೇರಿಸಿಯೇ ಬಜೆಟ್ ಹಾಕಿ. ಅದಕ್ಕೆ ದುಡ್ಡಿಲ್ಲ ಅಂದರೆ 2 ಟಿಬಿಗೆ ಇಳಿಯಿರಿ.

ಡಿಫ್ರಾಗ್ ಮಾಡಬೇಕಾ? ಪೂರ್ತಿ ತುಂಬಬಹುದಾ?

ಡಿಫ್ರಾಗ್ (ಚದುರಿದ ಫೈಲುಗಳನ್ನು ಒಂದೆಡೆ ಜೋಡಿಸುವುದು) ಬೇಡ, ವಿಂಡೋಸ್ ತಾನೇ ಟ್ರಿಮ್ ಕಳಿಸುತ್ತದೆ. ಹತ್ತು ಹದಿನೈದು ಶೇಕಡಾ ಜಾಗ ಖಾಲಿ ಬಿಡಿ. ಅದರಲ್ಲೂ ಕ್ಯೂಎಲ್‌ಸಿ ತುಂಬಿದಷ್ಟೂ ನಿಧಾನ ಆಗುತ್ತದೆ. ವರ್ಷಕ್ಕೆರಡು ಸಲ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಅನ್ನುವ ತಂತ್ರಾಂಶ ತೆರೆದು ಆರೋಗ್ಯದ ಶೇಕಡಾವಾರು, ಮೀಡಿಯಾ ಎರರ್ ಸಂಖ್ಯೆ ನೋಡಿ. ಎರರ್ ಸೊನ್ನೆ ಬಿಟ್ಟು ಮೇಲೇರಲು ಶುರುವಾದರೆ ಅವತ್ತೇ ಕಾಪಿ ತೆಗೆಯಿರಿ.

ವಿಂಡೋಸ್ ಯಾವುದೋ ರಿಕವರಿ ಕೀ ಕೇಳ್ತಿದೆ!

ವಿಂಡೋಸ್ 11ರಲ್ಲಿ ಮೈಕ್ರೊಸಾಫ್ಟ್ ಖಾತೆಯಿಂದ ಲಾಗಿನ್ ಆಗಿದ್ದರೆ ಡ್ರೈವ್ ಎನ್‌ಕ್ರಿಪ್ಟ್ ಆಗಿರುವ (ಕೀ ಇಲ್ಲದೆ ಓದಲಾಗದಂತೆ ಬೀಗ ಬಿದ್ದಿರುವ) ಸಾಧ್ಯತೆ ಇದೆ. 48 ಅಂಕಿಯ ಕೀ ಆ ಖಾತೆಯಲ್ಲೇ ಇರುತ್ತದೆ. ಇನ್ನೊಂದು ಫೋನಿನಲ್ಲಿ ಲಾಗಿನ್ ಆಗಿ ತೆಗೆಯಿರಿ, ಒಂದು ಹಾಳೆಯಲ್ಲಿ ಬರೆದು ಮನೆ ಕಾಗದಪತ್ರಗಳ ಜೊತೆ ಇಡಿ. ಬೋರ್ಡಿನ ಬಯೋಸ್ ಅಪ್‌ಡೇಟ್ ಮಾಡುವ ಮೊದಲು ಈ ಕೆಲಸ ಆಗಿರಲಿ.

ಹಳೇ ಹಾರ್ಡ್ ಡಿಸ್ಕ್ ಗುಜರಿಗೆ ಹಾಕಲಾ?

ಚೆನ್ನಾಗಿದ್ದರೆ ಇಟ್ಟುಕೊಳ್ಳಿ. ಒಂದು ಯುಎಸ್‌ಬಿ ಕೇಸ್ ತಂದು ಹಾಕಿದರೆ ಎರಡನೇ ಬ್ಯಾಕಪ್ ಆಯಿತು, ಅದನ್ನು ತಂಗಿ ಮನೆಯಲ್ಲೋ ಊರಲ್ಲೋ ಇಡಿ. 3.5 ಇಂಚಿನದಾದರೆ ಪ್ರತ್ಯೇಕ ಅಡಾಪ್ಟರ್ ಇರುವ ಕೇಸೇ ಬೇಕು, ಯುಎಸ್‌ಬಿ ಕರೆಂಟಿನಲ್ಲಿ ಅದು ತಿರುಗುವುದಿಲ್ಲ. ಕೊಡಲೇಬೇಕು ಅಂತಿದ್ದರೆ ಕ್ವಿಕ್ ಫಾರ್ಮ್ಯಾಟ್ ಸಾಲದು. ಕ್ವಿಕ್ ಅನ್ನುವಲ್ಲಿನ ಟಿಕ್ ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿ ಕೊಡಿ.